ಚಾಚಿದ ತೋಳು ಜೀವಸತ್ವವನ್ನು ಅಳೆದೀತೇ?

ಒಂದು ಕೈಯನ್ನು ಭುಜದ ಮಟ್ಟಕ್ಕೆ ನೇರವಾಗಿ ಚಾಚಿ ನಿಲ್ಲಿ. ಎದುರು ನಿಂತವರು ನಿಮ್ಮ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಕೆಳಕ್ಕೆ ಒತ್ತುತ್ತಾರೆ. ನೀವು ಬಿಗಿ ಹಿಡಿದು ತಡೆಯಬೇಕು. ಕೈ ಜಗ್ಗುವುದಿಲ್ಲ. ಈಗ ನಾಲಿಗೆಯ ಮೇಲೆ ಚಿಟಿಕೆ ಸಕ್ಕರೆ ಹಾಕಿ ಮತ್ತೆ ಒತ್ತುತ್ತಾರೆ. ಆಶ್ಚರ್ಯ! ಕೈ ಸರ್ರನೆ ಕೆಳಗಿಳಿಯುತ್ತದೆ. ಬಾಯಿ ಮುಕ್ಕಳಿಸಿ, ಸಕ್ಕರೆಯ ಜಾಗದಲ್ಲಿ ಒಂದು ವಿಟಮಿನ್ ಗುಳಿಗೆ ಇಟ್ಟರೆ ಅದೇ ಕೈ ಕಬ್ಬಿಣದ ಸಲಾಕೆಯಂತೆ ನಿಲ್ಲುತ್ತದೆ. "ನೋಡಿದಿರಾ? ನಿಮ್ಮ ದೇಹವೇ ಹೇಳಿತು. ನಿಮಗೆ ಬೇಕಾಗಿರುವುದು ಇದು" ಎಂದು ಪರೀಕ್ಷೆ ಮಾಡಿದವರು ಹಿಂದಿನ ಕಪಾಟಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಡುತ್ತಾರೆ.

ಸೂಜಿಯಿಲ್ಲ, ರಕ್ತವಿಲ್ಲ, ಪ್ರಯೋಗಾಲಯದ ಬಿಲ್ಲೂ ಇಲ್ಲ. ಸ್ನಾಯುಗಳ ಬಲ ನೋಡಿ ದೇಹದ ಒಳಗುಟ್ಟು ಹೇಳುವ ಈ ಪದ್ಧತಿಯನ್ನು 1964ರಲ್ಲಿ ಆರಂಭಿಸಿದವರು ಅಮೆರಿಕದ ಡೆಟ್ರಾಯ್ಟ್ ನಗರದ ಜಾರ್ಜ್ ಗುಡ್‌ಹಾರ್ಟ್. 'ಅಪ್ಲೈಡ್ ಕಿನೀಸಿಯಾಲಜಿ' ಎಂಬ ಭಾರಿ ಹೆಸರನ್ನೂ ಕೊಟ್ಟರು. ಗುಡ್‌ಹಾರ್ಟ್ ಒಬ್ಬ ಕೈರೊಪ್ರಾಕ್ಟರ್. ಎಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ, ತಿರುಗಿಸಿ, 'ಲಟ್' ಎನ್ನಿಸಿ ಚಿಕಿತ್ಸೆ ಮಾಡುವ ಪಂಥದವರು. ಅಮೆರಿಕದಲ್ಲಿ ಇಂಥವರು ಸುಮಾರು 70 ಸಾವಿರ ಮಂದಿ ಇದ್ದಾರೆ. ಐವತ್ತೂ ರಾಜ್ಯಗಳಲ್ಲಿ ಅವರಿಗೆ ಲೈಸೆನ್ಸ್ ಉಂಟು. ಬೆನ್ನುಮೂಳೆಯ ಚಿಕಿತ್ಸಕರಿಗೂ ವಿಟಮಿನ್ ಸೀಸೆಗೂ ಏನು ಸಂಬಂಧ ಎಂದು ಕೇಳಿದರೆ, ಕಥೆ ನೂರು ವರ್ಷಕ್ಕೂ ಹಿಂದೆ ಹೋಗುತ್ತದೆ.

ಡೇನಿಯಲ್ ಡೇವಿಡ್ ಪಾಲ್ಮರ್ ಹುಟ್ಟಿದ್ದು 1845ರಲ್ಲಿ, ಕೆನಡಾದಲ್ಲಿ. ಅಮೆರಿಕಕ್ಕೆ ಬಂದು ಶಾಲೆಯಲ್ಲಿ ಪಾಠ ಹೇಳಿದ, ಜೇನು ಸಾಕಿದ, ದಿನಸಿ ಅಂಗಡಿ ಇಟ್ಟ, ಕೊನೆಗೆ ಮೈಮೇಲೆ ಕೈಯಾಡಿಸಿ 'ಕಾಂತಚಿಕಿತ್ಸೆ' ಮಾಡುವವನಾಗಿ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಪಟ್ಟಣದಲ್ಲಿ ನೆಲೆಸಿದ. 1895ರ ಸೆಪ್ಟೆಂಬರ್ 18ರಂದು, ಆತನ ಕಚೇರಿಯಿದ್ದ ಕಟ್ಟಡದ ಜಾಡಮಾಲಿ ಹಾರ್ವೆ ಲಿಲ್ಲಾರ್ಡ್‌ನ ಬೆನ್ನಿನ ಒಂದು ಮೂಳೆಯನ್ನು ಒತ್ತಿದನಂತೆ. ಹದಿನೇಳು ವರ್ಷಗಳಿಂದ ಕಿವಿ ಮಂದವಾಗಿದ್ದ ಲಿಲ್ಲಾರ್ಡ್‌ಗೆ ಬೀದಿಯ ಗಾಡಿಗಳ ಸದ್ದು ಕೇಳಿಸಿತಂತೆ. ಇದು ಪಾಲ್ಮರ್ ಹೇಳಿದ ಕಥೆ. ಲಿಲ್ಲಾರ್ಡನ ಮಗಳು ಮುಂದೆ ಹೇಳಿದ್ದು ಬೇರೆಯೇ. ಅದೇನೇ ಇರಲಿ, ಪಾಲ್ಮರ್ ಅಲ್ಲಿಂದ ಒಂದು ದೊಡ್ಡ ಹೆಜ್ಜೆ ಹಾರಿದ. ಮೂಳೆ ಜಾರಿ ನರವನ್ನು ಒತ್ತುವುದೇ ಬಹುತೇಕ ಎಲ್ಲ ರೋಗಗಳಿಗೂ ಮೂಲ, ನರದ ದಾರಿ ತೆರವು ಮಾಡಿದರೆ ದೇಹದೊಳಗಿನ 'ಸಹಜ ಪ್ರಜ್ಞೆ' ತಾನೇ ರೋಗ ವಾಸಿಮಾಡುತ್ತದೆ ಎಂದು ಸಾರಿದ. ಸ್ನೇಹಿತನಾದ ಒಬ್ಬ ಪಾದ್ರಿ ಗ್ರೀಕ್ ಭಾಷೆಯಿಂದ 'ಕೈಯಿಂದ ಮಾಡಿದ್ದು' ಎಂಬರ್ಥದ ಹೆಸರು ಹೆಕ್ಕಿಕೊಟ್ಟ. 1897ರಲ್ಲಿ ಶಾಲೆಯೂ ಶುರುವಾಯಿತು.

ಪಿ.ಯು. ಜೀವಶಾಸ್ತ್ರ ಓದಿದ ವಿದ್ಯಾರ್ಥಿಗೂ ಇಲ್ಲಿ ಒಂದು ತೊಡಕು ಕಂಡೀತು. ಕಿವಿಯ ನರ ಬೆನ್ನುಮೂಳೆಯ ಮೂಲಕ ಹಾದುಹೋಗುವುದೇ ಇಲ್ಲ. ಅದು ಎಂಟನೆಯ ಕಪಾಲ ನರ. ಒಳಕಿವಿಯಿಂದ ಹೊರಟು ತಲೆಬುರುಡೆಯ ಒಳಗೇ ಮೆದುಳಿನ ಕಾಂಡವನ್ನು ಸೇರುತ್ತದೆ. ಬೆನ್ನಿನ ಮೂಳೆ ಅದನ್ನು ಒತ್ತುವುದೆಂದರೆ ಮೈಸೂರಿನ ಗೇಟು ಹಾಕಿದ್ದಕ್ಕೆ ಬೀದರಿನ ರೈಲು ನಿಂತಂತೆ.

ಸ್ವಾರಸ್ಯದ ಸಂಗತಿಯೆಂದರೆ, ಅದೇ ದಶಕದಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಜಾವಾ ದ್ವೀಪದಲ್ಲಿ, ಕ್ರಿಶ್ಚಿಯನ್ ಐಕ್‌ಮನ್ ಎಂಬ ಡಚ್ ವೈದ್ಯರೂ ನರಗಳ ಬೆನ್ನು ಹತ್ತಿದ್ದರು. ಅವರ ಮುಂದಿದ್ದದ್ದು ಬೆರಿಬೆರಿ. ಕಾಲು ಸೋತು, ನರಗಳು ಬತ್ತಿ, ಕೊನೆಗೆ ಹೃದಯ ಕೈಕೊಡುವ ರೋಗ. ಪ್ರಯೋಗಾಲಯದ ಕೋಳಿಗಳಿಗೂ ಅಂಥದೇ ಕಾಲುಸೋಲು ಬಂತು. ಸ್ವಲ್ಪ ದಿನ ಕಳೆದು ತಾನೇ ಹೋಯಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಕೋಳಿಗಳ ಮೇವು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ಹಾಕಿದಾಗ ಕಾಯಿಲೆ, ತೌಡಿರುವ ಅಕ್ಕಿ ಹಾಕಿದಾಗ ಗುಣ. ಅಕ್ಕಿಯಲ್ಲಿ ಏನೋ ವಿಷವಿದೆ, ತೌಡು ಅದಕ್ಕೆ ಮದ್ದು ಎಂದು ಐಕ್‌ಮನ್ ಮೊದಲು ಎಣಿಸಿದರು. 1901ರಲ್ಲಿ ಅವರ ನಂತರದ ಖೆರಿಟ್ ಖ್ರೈನ್ಸ್ ಅದನ್ನು ತಿದ್ದಿದರು: ವಿಷವಿಲ್ಲ, ತೌಡಿನಲ್ಲಿ ನರಗಳಿಗೆ ಬೇಕಾದ ಒಂದು ವಸ್ತುವಿದೆ, ಅದರ ಅಭಾವವೇ ರೋಗ. ಈ ಬಗೆಯ ವಸ್ತುಗಳಿಗೆ 1912ರಲ್ಲಿ ಕ್ಯಾಸಿಮಿರ್ ಫಂಕ್ 'ವಿಟಮಿನ್' ಎಂದು ಹೆಸರಿಟ್ಟರು. 1929ರಲ್ಲಿ ಐಕ್‌ಮನ್‌ರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು. ಇಬ್ಬರೂ ನರವನ್ನೇ ನೋಡಿದರು. ಒಬ್ಬ ಒಂದು ಕಿವಿಯ ಕಥೆಯಿಂದ ಜಗತ್ತಿನ ರೋಗಗಳನ್ನೆಲ್ಲ ವಿವರಿಸಿದ. ಇನ್ನೊಬ್ಬರ ಊಹೆಯನ್ನು ಪಕ್ಕದ ಮೇಜಿನವರು ತಿದ್ದಿದರು. ವ್ಯತ್ಯಾಸ ಇರುವುದು ಅಲ್ಲಿ.

ಪಾಲ್ಮರ್‌ನ ಮಗ ಬಿ.ಜೆ. ಪಾಲ್ಮರ್ ಹಾಗೂ ಆತನ ಶಿಷ್ಯರು ಮಡಿವಂತರು. ಬೆನ್ನುಮೂಳೆ ಬಿಟ್ಟು ಬೇರೆ ಏನನ್ನೂ ಮುಟ್ಟಬಾರದು. ಆರೋಗ್ಯ ಒಳಗಿನಿಂದ ಹೊರಕ್ಕೆ ಹರಿಯಬೇಕೇ ಹೊರತು ಬಾಯಿಯ ಮೂಲಕ ಒಳಗೆ ಹಾಕುವಂಥದ್ದಲ್ಲ. ಅವರ ಲೆಕ್ಕದಲ್ಲಿ ವಿಟಮಿನ್ ಗುಳಿಗೆಯೂ ಗುಳಿಗೆಯೇ. ಇವರನ್ನು 'ಸ್ಟ್ರೈಟ್' ಎಂದು ಕರೆದರು. ಇನ್ನೊಂದು ಬಣದವರು ಬೆನ್ನೊತ್ತುವುದರ ಜೊತೆಗೆ ನೀರಿನ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ, ಪಥ್ಯ, ಪೋಷಕಾಂಶ ಎಲ್ಲವನ್ನೂ ಸೇರಿಸಿಕೊಂಡರು, ಅವರು 'ಮಿಕ್ಸರ್'ಗಳು. (ಚಟ್ನಿ ರುಬ್ಬುವ ಮಿಕ್ಸರ್ ಅಲ್ಲ!) ಇಬ್ಬರ ನಡುವಿನ ಜಗಳ ದಶಕಗಳ ಕಾಲ ನಡೆಯಿತು. ಆರೋಗ್ಯವೆಂಬುದು ತ್ರಿಕೋನ, ಒಂದು ಬದಿ ದೇಹದ ಕಟ್ಟು, ಇನ್ನೊಂದು ರಸಾಯನ, ಮತ್ತೊಂದು ಮನಸ್ಸು ಎನ್ನುವುದು ಗುಡ್‌ಹಾರ್ಟ್ ಪಂಥದವರ ಮಾತು. ಆ ರಸಾಯನದ ಬದಿಯಿಂದಲೇ ಸೀಸೆಗಳು ಒಳಗೆ ಬಂದವು.

ಬರಲು ಕಾನೂನೂ ದಾರಿ ಮಾಡಿಕೊಟ್ಟಿತು. ಕೈರೊಪ್ರಾಕ್ಟರರಿಗೆ ಸಾಮಾನ್ಯವಾಗಿ ಔಷಧಿ ಬರೆದುಕೊಡುವ ಅಧಿಕಾರವಿಲ್ಲ. ಆದರೆ 1994ರ ಅಮೆರಿಕದ ಕಾಯ್ದೆಯ ಪ್ರಕಾರ ವಿಟಮಿನ್, ಖನಿಜ, ಗಿಡಮೂಲಿಕೆಗಳ ಪೂರಕಗಳು ಔಷಧಿಗಳಲ್ಲ, ಆಹಾರದ ಒಂದು ವರ್ಗ. ಔಷಧಿಯಾದರೆ ಮಾರುಕಟ್ಟೆಗೆ ಬರುವ ಮೊದಲೇ ಅದು ಕೆಲಸ ಮಾಡುತ್ತದೆಂದು ತಯಾರಕರು ಸರ್ಕಾರಕ್ಕೆ ತೋರಿಸಬೇಕು. ಪೂರಕಕ್ಕೆ ಅಂಥ ಕಟ್ಟುಪಾಡಿಲ್ಲ. ಆದ್ದರಿಂದ ಪರೀಕ್ಷೆ ಮಾಡುವವರೂ ಅವರೇ, ಕೊರತೆ ಇದೆ ಎನ್ನುವವರೂ ಅವರೇ, ಸೀಸೆ ಮಾರುವವರೂ ಅವರೇ ಆಗಲು ಅಡ್ಡಿಯಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆಂದಲ್ಲ. ಸೊಂಟನೋವಿಗೆ ಬೆನ್ನೊತ್ತುವ ಚಿಕಿತ್ಸೆಯಿಂದ ವ್ಯಾಯಾಮ, ಫಿಜಿಯೋಥೆರಪಿಗಳಷ್ಟೇ ಉಪಶಮನ ಸಿಗುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಪ್ರಾಮಾಣಿಕವಾಗಿ ಅಷ್ಟಕ್ಕೇ ನಿಲ್ಲುವ ಕೈರೊಪ್ರಾಕ್ಟರರು ಅನೇಕರಿದ್ದಾರೆ.

ಈ ಪಂಥದಲ್ಲಿ ಪದೇ ಪದೇ ಕೇಳಿಬರುವ ವಾದವೊಂದಿದೆ. ಕಾರ್ಖಾನೆಯ ವಿಟಮಿನ್ ಸತ್ತದ್ದು, ಇಡಿಯ ಆಹಾರದಿಂದ ತೆಗೆದದ್ದು ಜೀವಂತ ಎಂಬುದು. 1929ರಲ್ಲಿ ರಾಯಲ್ ಲೀ ಎಂಬ ದಂತವೈದ್ಯರು ಆಹಾರವನ್ನೇ ಒಣಗಿಸಿ ಸಾಂದ್ರಗೊಳಿಸಿದ ಗುಳಿಗೆಗಳನ್ನು ತಯಾರಿಸಲು ಆರಂಭಿಸಿದರು. ಕೈರೊಪ್ರಾಕ್ಟರರ ಕಪಾಟುಗಳಲ್ಲಿ ಅಂಥ ಗುಳಿಗೆಗಳಿಗೆ ಇಂದಿಗೂ ದೊಡ್ಡ ಸ್ಥಾನ. ವಾದ ಕೇಳಲು ಹಿತವಾಗಿದೆ. ರಸಾಯನಶಾಸ್ತ್ರ ಏನು ಹೇಳುತ್ತದೆ? ವಿಟಮಿನ್ 'ಸಿ' ಎಂದರೆ ಆರು ಇಂಗಾಲ, ಎಂಟು ಜಲಜನಕ, ಆರು ಆಮ್ಲಜನಕದ ಪರಮಾಣುಗಳ ಒಂದು ನಿರ್ದಿಷ್ಟ ಜೋಡಣೆ. ಅದು ನೆಲ್ಲಿಕಾಯಿಯಲ್ಲಿ ಆಗಿರಲಿ, ಗ್ಲೂಕೋಸಿನಿಂದ ಕಾರ್ಖಾನೆಯಲ್ಲಿ ಆಗಿರಲಿ, ಅಣು ಒಂದೇ. ದೇಹದ ಕೋಶ ಅದರ ಜಾತಕ ಕೇಳುವುದಿಲ್ಲ. ಆದರೆ ವಿಟಮಿನ್ 'ಇ' ವಿಷಯದಲ್ಲಿ ಪಂಥದವರ ಮಾತಿಗೆ ಸ್ವಲ್ಪ ಬಲವಿದೆ. ಕಾರ್ಖಾನೆಯದು ಎಂಟು ರೂಪಗಳ ಮಿಶ್ರಣ, ಅದರಲ್ಲಿ ನಾಲ್ಕನ್ನಷ್ಟೇ ದೇಹ ಚೆನ್ನಾಗಿ ಬಳಸುತ್ತದೆ. ಫೋಲಿಕ್ ಆಮ್ಲದಲ್ಲಿ ಇದು ಪೂರ್ತಿ ತಿರುಗುಮುರುಗು: ಸೊಪ್ಪಿನಲ್ಲಿರುವ ಫೋಲೇಟ್‌ಗಿಂತ ಕಾರ್ಖಾನೆಯ ಫೋಲಿಕ್ ಆಮ್ಲವೇ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುತ್ತದೆ. ಹಾಗಾಗಿ 'ನೈಸರ್ಗಿಕ' ಎಂಬ ಪದವೊಂದನ್ನೇ ಹಿಡಿದು ತೀರ್ಪು ಕೊಡುವಂತಿಲ್ಲ. ಒಂದೊಂದು ಅಣುವನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು.

ಇನ್ನು ತೋಳಿನ ಪರೀಕ್ಷೆ. 1988ರಲ್ಲಿ ಅಮೆರಿಕದ ಆಹಾರತಜ್ಞರ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ, ಆದರೆ ಅಚ್ಚುಕಟ್ಟಾದ ಪ್ರಯೋಗ ಪ್ರಕಟವಾಯಿತು. ಅನುಭವಿಗಳಾದ ಮೂವರು ಪರೀಕ್ಷಕರು 11 ಮಂದಿಯ ಸ್ನಾಯುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರು. ಥಯಾಮಿನ್, ವಿಟಮಿನ್ 'ಎ', ವಿಟಮಿನ್ 'ಸಿ', ಸತು ಈ ನಾಲ್ಕರಲ್ಲಿ ಯಾರಿಗೆ ಯಾವುದರ ಕೊರತೆ ಎಂದು ಹೇಳಬೇಕಿತ್ತು. ಅತ್ತ ಪ್ರಯೋಗಾಲಯದಲ್ಲಿ ಅವರ ರಕ್ತವನ್ನೂ ಪರೀಕ್ಷಿಸಲಾಯಿತು. ಫಲಿತಾಂಶ? ಮೂವರ ಉತ್ತರ ಪರಸ್ಪರ ತಾಳೆಯಾಗಲಿಲ್ಲ, ರಕ್ತದ ವರದಿಯೊಂದಿಗೂ ತಾಳೆಯಾಗಲಿಲ್ಲ. ಕಣ್ಣುಮುಚ್ಚಿ ಊಹಿಸಿದ್ದರೂ ಅಷ್ಟೇ ಸರಿಯಾಗುತ್ತಿತ್ತು.

ಮನಶ್ಶಾಸ್ತ್ರಜ್ಞ ರೇ ಹೈಮನ್ ಇನ್ನೊಂದು ಪ್ರಸಂಗವನ್ನು ಬರೆದಿದ್ದಾರೆ. ಕೆಲವು ಕೈರೊಪ್ರಾಕ್ಟರರು ಗ್ಲೂಕೋಸ್ 'ಕೆಟ್ಟ' ಸಕ್ಕರೆ, ಫ್ರಕ್ಟೋಸ್ 'ಒಳ್ಳೆಯ' ಸಕ್ಕರೆ ಎಂದು ತೋಳಿನ ಪರೀಕ್ಷೆಯಿಂದ ತೋರಿಸುತ್ತಿದ್ದರು. ಯಾರ ನಾಲಿಗೆಗೆ ಯಾವುದು ಬಿತ್ತೆಂಬುದು ಒತ್ತುವವರಿಗೂ ಒತ್ತಿಸಿಕೊಳ್ಳುವವರಿಗೂ ಗೊತ್ತಾಗದಂತೆ ಏರ್ಪಾಡು ಮಾಡಿದ ಕೂಡಲೇ ವ್ಯತ್ಯಾಸ ಮಾಯವಾಯಿತು. ಆಗ ಅವರ ಮುಖ್ಯಸ್ಥರು, ಇದಕ್ಕಾಗಿಯೇ ತಾವು ಇಂಥ ಪರೀಕ್ಷೆಯನ್ನು ಮಾಡುವುದನ್ನು ಬಿಟ್ಟುಬಿಟ್ಟಿರುವುದಾಗಿ ಹೇಳಿದರಂತೆ! ಆ ಮನುಷ್ಯ ಮೋಸಗಾರರಲ್ಲ, ಮನಸಾರೆ ನಂಬಿದ್ದವರು. ಹೀಗಾಗಲು ಕಾರಣವನ್ನು ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. ಮನಸ್ಸಿನಲ್ಲಿ ಒಂದು ನಿರೀಕ್ಷೆ ಇದ್ದರೆ ಸ್ನಾಯುಗಳು ನಮಗೇ ತಿಳಿಯದಂತೆ ಅದರತ್ತ ವಾಲುತ್ತವೆ. ಒತ್ತುವವರು ಎರಡನೆಯ ಸಲ ಚೂರು ಹೆಚ್ಚು ಬಲ ಹಾಕುತ್ತಾರೆ, ಅಥವಾ ಒತ್ತುವ ಜಾಗ ಒಂದೆರಡು ಅಂಗುಲ ಬೆರಳ ಕಡೆಗೆ ಸರಿಯುತ್ತದೆ. ಸನ್ನೆಗೋಲಿನ ಪಾಠ ನೆನಪಿರುವವರಿಗೆ ಅದರ ಪರಿಣಾಮ ಗೊತ್ತು. ಬೋರ್‌ವೆಲ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ಓಡಾಡುವವರ ಕಾಯಿ ಎದ್ದು ನಿಲ್ಲುವುದರ ಹಿಂದೆಯೂ ಇದೇ ಕೈಚಳಕವಿಲ್ಲದ ಕೈಚಳಕ.

ಮನೆಯಲ್ಲೇ ನೋಡಬಹುದು. ಮೂವರು ಬೇಕು. ಮೂರನೆಯವರು ಪಕ್ಕದ ಕೋಣೆಯಲ್ಲಿ ಒಂದೇ ಬಗೆಯ ಕಾಗದದಲ್ಲಿ, ಒಂದೇ ತೂಕದ ಸಕ್ಕರೆ ಮತ್ತು ರವೆಯ ಪೊಟ್ಟಣಗಳನ್ನು ಕಟ್ಟಬೇಕು. ಪ್ರತಿ ಸಲವೂ ಯಾವುದನ್ನು ಕಳಿಸಬೇಕೆಂದು ನಾಣ್ಯ ಚಿಮ್ಮಿ ನಿರ್ಧರಿಸಿ, ಗುಟ್ಟಾಗಿ ಬರೆದಿಡಬೇಕು. ಪೊಟ್ಟಣವನ್ನು ಬಾಗಿಲ ಹೊರಗೆ ಇಟ್ಟು ಮರಳಬೇಕು, ಮುಖ ತೋರಿಸಬಾರದು. ಪರೀಕ್ಷೆಗೆ ನಿಂತವರು ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಚಾಚಲಿ. ಹತ್ತು ಸಲ ಮಾಡಿ. ಬರೀ ಊಹೆಯಿಂದಲೇ ಸರಾಸರಿ ಐದು ಸರಿಯಾಗುತ್ತವೆ, ಆದ್ದರಿಂದ ಆರೋ ಏಳೋ ಸರಿಯಾದರೆ ಕುಣಿಯಬೇಡಿ. ಹತ್ತಕ್ಕೆ ಹತ್ತೂ ಊಹೆಯಿಂದ ಸರಿಯಾಗುವ ಸಂಭವ 1024ರಲ್ಲಿ 1. ಹಾಗೆ ಬಂದರೆ ಮತ್ತೊಮ್ಮೆ ಮಾಡಿ ನೋಡಿ.

ಕೂದಲ ಪರೀಕ್ಷೆಯದೂ ಇದೇ ಹಾಡು. 1985ರಲ್ಲಿ ಅಮೆರಿಕದ ಸ್ಟೀಫನ್ ಬ್ಯಾರೆಟ್ ಎಂಬ ವೈದ್ಯರು ಆರೋಗ್ಯವಂತರಾದ ಇಬ್ಬರು ಹದಿಹರೆಯದವರ ಕೂದಲನ್ನು 13 ಖಾಸಗಿ ಪ್ರಯೋಗಾಲಯಗಳಿಗೆ ಕಳಿಸಿದರು. ಒಂದೇ ತಲೆಯ ಕೂದಲಿಗೆ ಬಗೆಬಗೆಯ ವರದಿ, ಬಗೆಬಗೆಯ ಗುಳಿಗೆಗಳ ಸಲಹೆ.

ಹಾಗಾದರೆ ಪೂರಕಗಳೆಲ್ಲ ಬರೀ ಬೂಟಾಟಿಕೆಯೇ? ಖಂಡಿತ ಅಲ್ಲ. ತುತ್ತು ಗುಳಿಗೆಯೊಂದು ಬದುಕು ಉಳಿಸಿದ ಕಥೆಗಳು ಬೇಕಾದಷ್ಟಿವೆ, ಅದರಲ್ಲೊಂದು ನಡೆದದ್ದು ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಯ ಬಡ ಹೆಂಗಸರು ಬಸಿರಿನಲ್ಲಿ ಭೀಕರ ರಕ್ತಹೀನತೆಯಿಂದ ನರಳುತ್ತಿದ್ದರು. ಅವರ ಊಟ, ಮನೆ, ಕೆಲಸ ಎಲ್ಲವನ್ನೂ ವಿಲ್ಸ್ ವಿಚಾರಿಸಿದರು. ಇಲಿ, ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ಗುಣವಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲ ಎನಿಸಿತು. ಅದನ್ನು 1940ರ ದಶಕದ ನಡುವೆ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ತಂಡವನ್ನು ನಡೆಸಿದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆ ಇನ್ನೂ ದೊಡ್ಡ ಸಂಗತಿ ತೋರಿಸಿತು. ಮೊದಲು ಬೆನ್ನುಹುರಿಯ ದೋಷವಿರುವ ಮಗು ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮುನ್ನವೇ ಫೋಲಿಕ್ ಆಮ್ಲ ತೆಗೆದುಕೊಂಡರೆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆ. ಬೆನ್ನುಮೂಳೆಗೆ ವಿಟಮಿನ್ ಮಾಡಿದ ಅತಿದೊಡ್ಡ ಉಪಕಾರ ಇದೇ ಇರಬೇಕು. ಅದನ್ನು ಕಂಡದ್ದು ತೋಳೊತ್ತಿ ಅಲ್ಲ.

ಬಿ12 ಮಾತು ಬೇರೆ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು ಮಾತ್ರ; ಗಿಡಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಹಾಲು-ಮೊಸರಿನಿಂದ ಅಷ್ಟಿಷ್ಟು ಸಿಗುತ್ತದೆ. ದಿನಕ್ಕೆ ಬೇಕಾಗಿರುವುದು ಎರಡು ಮೈಕ್ರೊಗ್ರಾಂಗಿಂತ ತುಸು ಹೆಚ್ಚು. ಅದೂ ಇಲ್ಲವಾದರೆ ರಕ್ತಹೀನತೆಯ ಜೊತೆಗೆ ಕೈಕಾಲು ಜೋಮು ಹಿಡಿಯುವುದು, ಮರೆವು. ಇಲ್ಲೊಂದು ಅಪಾಯದ ತಿರುವಿದೆ. ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸರಿಯಾದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಯಾವುದು ಕಡಿಮೆ ಎಂದು ತಿಳಿಯದೆ ಯಾವುದೋ ಒಂದನ್ನು ಸುರಿಯುವುದು ಎಷ್ಟು ಎಡವಟ್ಟು ನೋಡಿ.

ಅತಿಯಾದರೂ ಕೇಡು. 1983ರಲ್ಲಿ ಅಮೆರಿಕದ ವೈದ್ಯರು ಏಳು ಮಂದಿಯ ವಿಚಿತ್ರ ಕಾಯಿಲೆ ವರದಿ ಮಾಡಿದರು. ಕಾಲಿನ ಸ್ಪರ್ಶಜ್ಞಾನ ತಪ್ಪಿ ನಡಿಗೆ ತಡವರಿಸುತ್ತಿತ್ತು. ಅವರೆಲ್ಲ ನರಗಳಿಗೆ 'ಒಳ್ಳೆಯದು' ಎನ್ನುವ ಬಿ6 ವಿಟಮಿನ್ನನ್ನು ದಿನಕ್ಕೆ 2ರಿಂದ 6 ಗ್ರಾಂ ನುಂಗುತ್ತಿದ್ದರು. ದೇಹಕ್ಕೆ ಬೇಕಾದದ್ದು ಒಂದೆರಡು ಮಿಲಿಗ್ರಾಂ! ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಬಂತು. ಕ್ಯಾರೆಟ್ ಬಣ್ಣದ ಬೀಟಾ ಕ್ಯಾರೋಟಿನ್ ಗುಳಿಗೆ ಕ್ಯಾನ್ಸರನ್ನು ತಡೆಯುತ್ತದೆಂದು ಎಲ್ಲರೂ ಎಣಿಸಿದ್ದರು; ಗುಳಿಗೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಎರಡು ವರ್ಷದ ಬಳಿಕ ಅಮೆರಿಕದ ಅಂಥದೇ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಿಟಮಿನ್ 'ಸಿ' ಇಷ್ಟು ಕ್ರೂರಿಯಲ್ಲ. 200 ಮಿಲಿಗ್ರಾಂವರೆಗೆ ದೇಹ ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುತ್ತದೆ. ಅದನ್ನು ಮೀರಿದಷ್ಟೂ ಹೀರಿಕೆ ಕುಗ್ಗಿ, ಮಿಕ್ಕದ್ದು ಹೊರಗೆ. ನೂರು ಗ್ರಾಂ ಸೀಬೆಹಣ್ಣಿನಲ್ಲೇ ಸುಮಾರು ಅಷ್ಟು ಇರುತ್ತದೆ.

ಪರೀಕ್ಷೆಯ ದಿನಗಳು ಹತ್ತಿರವಾದಾಗ ಮೆಡಿಕಲ್ ಶಾಪಿನಲ್ಲಿ 'ಮೆಮೊರಿ ಟಾನಿಕ್' ಕೇಳುವ ತಂದೆತಾಯಂದಿರು ಕಡಿಮೆಯಿಲ್ಲ. ಮಗಳು ಪುಸ್ತಕ ಹಿಡಿದರೆ ತೂಕಡಿಸುತ್ತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು. ಆತಂಕ ಸಹಜ. ಆದರೆ ಆಯಾಸಕ್ಕೆ ಕಾರಣಗಳು ಹತ್ತಾರು, ರಕ್ತಹೀನತೆಯಾದರೂ ಅದಕ್ಕೆ ಮತ್ತೆ ಕಾರಣಗಳು ಹಲವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆಂದೇ ಶಾಲೆಗಳಲ್ಲಿ ಹತ್ತು ವರ್ಷ ದಾಟಿದ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗೆ ಕೊಡುವ ಯೋಜನೆ ಇರುವುದು: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುವುದುಂಟು, ಮನೆಯಲ್ಲಿ ಮಾತ್ರ ನೂರಾರು ರೂಪಾಯಿಯ ಬಣ್ಣದ ಸೀಸೆ!

ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತಿದ್ದರೆ ಮೊದಲು ಹುಳುವಿನ ಮದ್ದು ಬೇಕು. ತಿಂಗಳ ಸ್ರಾವ ವಿಪರೀತವಾಗಿದ್ದರೆ ಅದಕ್ಕೆ ವೈದ್ಯರು ಬೇಕು. ಥಲಸ್ಸೀಮಿಯಾ ಇರುವ ಮಗುವಿಗಾದರೋ ಕಬ್ಬಿಣ ಈಗಾಗಲೇ ಮಿತಿಮೀರಿರಬಹುದು, ಇನ್ನಷ್ಟು ಕೊಟ್ಟರೆ ಯಕೃತ್ತು, ಹೃದಯಗಳಲ್ಲಿ ಶೇಖರವಾಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳುವ ರಕ್ತಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಶುರುವಾಗುತ್ತದೆ. ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ಮುಂದಿನ ವಿಚಾರಣೆ ಆಗಬೇಕು. ಇನ್ನೊಂದು ಎಚ್ಚರಿಕೆ, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ: ಕಬ್ಬಿಣದ ಗುಳಿಗೆಗಳು ಬಣ್ಣದ ಪೆಪ್ಪರಮೆಂಟಿನಂತೆ ಕಾಣುತ್ತವೆ. ಎಳೆಯ ಮಗು ಒಂದು ಹಿಡಿ ನುಂಗಿದರೆ ಪ್ರಾಣಕ್ಕೇ ಅಪಾಯ. ಸೀಸೆ ಇರಬೇಕಾದ್ದು ಕೈಗೆಟುಕದ ಅಟ್ಟದ ಮೇಲೆ, ಬೀಗ ಹಾಕಿದ ಪೆಟ್ಟಿಗೆಯೊಳಗೆ.